ಹೊಣೆ ಹದಿನಾರಕ್ಕೆ, ಹಕ್ಕು ಹದಿನೆಂಟಕ್ಕೆ

ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ನಾವೆಲ್ಲ ಪರೀಕ್ಷೆಗಾಗಿ ಹೆಸರು ಬಾಯಿಪಾಠ ಮಾಡಿಕೊಂಡ 'ಇಂದಿರಾಬಾಯಿ'ಯಲ್ಲಿ (1899) ಒಬ್ಬ ಹುಡುಗಿ ಮನೆ ಬಿಟ್ಟು ಹೋಗುತ್ತಾಳೆ. ಎಳೆ ವಯಸ್ಸಿನ ವಿಧವೆ. ಅಪ್ಪ ಭೀಮರಾಯ, ಅಮ್ಮ ಅಂಬಾಬಾಯಿ ಇಬ್ಬರೂ ಇದ್ದಾರೆ, ಮನೆಯಲ್ಲಿ ದುಡ್ಡಿಗೆ ಕೊರತೆಯಿಲ್ಲ. ಆದರೆ ಭಕ್ತಿಯ ಹೆಸರಿನಲ್ಲಿ ಅವರು ಮನೆಯೊಳಗೆ ಬಿಟ್ಟುಕೊಂಡ ಸಂತಮಂಡಳಿಯಿಂದ ಅವಳಿಗೆ ಅಲ್ಲಿ ಉಳಿಗಾಲವಿಲ್ಲ. ಅವಳು ಹೊರಟು ಅಮೃತರಾಯರ ಆಶ್ರಯ ಸೇರುತ್ತಾಳೆ, ಓದುತ್ತಾಳೆ, ಕೊನೆಗೆ ಭಾಸ್ಕರರಾಯನನ್ನು ಮದುವೆಯಾಗುತ್ತಾಳೆ. ಗುಲ್ವಾಡಿ ವೆಂಕಟರಾಯರು ಇದನ್ನು ಸದ್ಧರ್ಮದ ವಿಜಯ ಎಂದರು. ವಿಮರ್ಶೆ ಇದಕ್ಕೆ ವಿಧವಾ ವಿವಾಹದ ಕಾದಂಬರಿ ಎಂದು ಚೀಟಿ ಅಂಟಿಸಿ ಕಪಾಟಿನಲ್ಲಿಟ್ಟಿತು.

ನಾನು ಈಚೆಗೆ ಇದನ್ನು ಮತ್ತೆ ಓದಿದಾಗ ತಲೆಯಲ್ಲಿ ಕೂತದ್ದು ಬೇರೆಯೇ ಪ್ರಶ್ನೆ. ಇಂದಿರೆ ಇವತ್ತಿನವಳಾಗಿದ್ದು, ಅವಳಿಗೆ 17 ವರ್ಷವಾಗಿದ್ದರೆ? ಭೀಮರಾಯ ಪೊಲೀಸ್ ಠಾಣೆಗೆ ಹೋಗಿ ಒಂದು ದೂರು ಬರೆದುಕೊಟ್ಟರೆ ಸಾಕು, ಅಮೃತರಾಯರ ಮೇಲೆ ಅಪಹರಣದ ಮೊಕದ್ದಮೆ ಬೀಳಬಹುದು. 18 ತುಂಬದವರನ್ನು ಪೋಷಕರ ಒಪ್ಪಿಗೆಯಿಲ್ಲದೆ ಅವರ ಸುಪರ್ದಿಯಿಂದ ಕರೆದೊಯ್ಯುವುದು ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಅಪರಾಧ. ಹುಡುಗಿಯರ ಮಟ್ಟಿಗೆ ಹಳೆಯ ದಂಡಸಂಹಿತೆಯಲ್ಲೂ ಹಾಗೇ ಇತ್ತು. ಅಮೃತರಾಯರ ವಕೀಲರು 1964ರ ವರದರಾಜನ್ ಪ್ರಕರಣದ ತೀರ್ಪನ್ನು ಎತ್ತಿಹಿಡಿದು ವಾದಿಸಬಹುದು. ಮದ್ರಾಸಿನ ಆ ಹುಡುಗಿಗೆ 18 ತುಂಬಲು ಇನ್ನೂ ಕೆಲವು ವಾರ ಬಾಕಿಯಿತ್ತು. ಅವಳು ತಾನಾಗಿಯೇ ಹೊರಟು ಬಂದಳು, ಆತ ಕರೆದೊಯ್ದದ್ದಲ್ಲ ಎಂದು ಸುಪ್ರೀಂ ಕೋರ್ಟು ಅವನನ್ನು ಬಿಟ್ಟಿತು. ಆದರೆ ಆ ಮಾತು ಬರುವುದು ಕೊನೆಯ ಮೆಟ್ಟಿಲಿನಲ್ಲಿ. ಮೊದಲ ಮೆಟ್ಟಿಲಿನಲ್ಲಿ ಕೇಳುವ ಪ್ರಶ್ನೆ 'ಅಪ್ಪ ಒಪ್ಪಿದ್ದಾನೆಯೇ' ಎಂಬುದು. 'ನಿನಗೆ ಏನು ಬೇಕಮ್ಮಾ' ಎಂಬುದಲ್ಲ.

ಕಾನೂನು ವಯಸ್ಸನ್ನು ಎಣಿಸುವ ಬಗೆಯೇ ವಿಚಿತ್ರ. 14 ತುಂಬದ ಮಗುವನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಆದರೆ ಶಾಲೆ ಬಿಟ್ಟ ಮೇಲೆ ಮನೆಯ ಕಸುಬಿಗೆ ಕೈ ಹಚ್ಚಬಹುದು, ಸಿನಿಮಾದಲ್ಲಿ ನಟಿಸಬಹುದು. 16ಕ್ಕೆ ಗೇರಿಲ್ಲದ 50 ಸಿಸಿ ಗಾಡಿಯ ಲೈಸೆನ್ಸ್ ಸಿಗುತ್ತದೆ. 18ಕ್ಕೆ ಮತ ಹಾಕಬಹುದು, ಕಾರು ಓಡಿಸಬಹುದು, ಸಾಲದ ಪತ್ರಕ್ಕೆ ಸಹಿ ಮಾಡಬಹುದು, ಹುಡುಗಿಯಾದರೆ ಮದುವೆಯಾಗಬಹುದು. ಹುಡುಗನಾದರೆ ಮದುವೆಗೆ 21 ಆಗಬೇಕು. ವಿಧಾನಸಭೆಗೆ ನಿಲ್ಲಲು 25. ಮಹಾರಾಷ್ಟ್ರದಲ್ಲಿ ವಿಸ್ಕಿ ಕುಡಿಯಲೂ 25! ಅಂದರೆ ಪುಣೆಗೆ ಕೆಲಸಕ್ಕೆ ಬಂದ ನಮ್ಮ ಕಡೆಯ 24ರ ಹುಡುಗನೊಬ್ಬ ಮದುವೆಯಾಗಿ, ಮಗುವಿನ ತಂದೆಯಾಗಿ, ಇಪ್ಪತ್ತು ವರ್ಷದ ಗೃಹಸಾಲಕ್ಕೆ ತಲೆ ಕೊಟ್ಟಿರಬಹುದು. ಅದರ ಚಿಂತೆಗೆ ಒಂದು ಪೆಗ್ ಏರಿಸುವ ಹಾಗಿಲ್ಲ.

ಇದನ್ನು ನಕ್ಕು ಬಿಡಬಹುದಿತ್ತು. ಆದರೆ ಈ ಪಟ್ಟಿಯ ಹಿಂದೆ ಇನ್ನೊಂದು ಕ್ರಮವಿದೆ. ಹೊಣೆ ಮೊದಲು ಬರುತ್ತದೆ, ಹಕ್ಕು ಅದರ ಹಿಂದೆ ಕುಂಟುತ್ತಾ ಬರುತ್ತದೆ. ನಮ್ಮ ಕಥನ ಸಾಹಿತ್ಯ ಇದನ್ನು ಬಹಳ ಹಿಂದೆಯೇ ಕಂಡಿತ್ತು. ಕಾಣದೆ ಹೋದದ್ದು ನಮ್ಮ ವಿಮರ್ಶೆ. ಜಾತಿಯನ್ನು ಓದಿದೆವು, ಲಿಂಗವನ್ನು ಓದಿದೆವು, ವರ್ಗವನ್ನು ಓದಿದೆವು. ವಯಸ್ಸನ್ನು ಮಾತ್ರ ಪಾತ್ರಪರಿಚಯದ ಒಂದು ವಿವರವೆಂದು ದಾಟಿಕೊಂಡು ಹೋದೆವು. ಎಲ್ಲರಿಗೂ ಗೊತ್ತಿರುವ ಮೂರು ನಾಲ್ಕು ಕೃತಿಗಳನ್ನು ವಯಸ್ಸಿನ ಕಡೆಯಿಂದ ಓದಿದರೆ ಏನು ಕಾಣುತ್ತದೆ ಎಂದು ನೋಡುವುದಷ್ಟೇ ಇಲ್ಲಿನ ಉದ್ದೇಶ.

*

ಮೊದಲು ಸಾಲದ ವಿಷಯ. 1895ರಲ್ಲಿ ಕಲ್ಕತ್ತೆಯ ಧರ್ಮದಾಸ ಘೋಷ್ ಎಂಬ ಹುಡುಗ ಇನ್ನೂ ಪ್ರಾಪ್ತ ವಯಸ್ಸಿಗೆ ಬರುವ ಮುಂಚೆಯೇ ತನ್ನ ಆಸ್ತಿಯನ್ನು ಒತ್ತೆಯಿಟ್ಟು 20,000 ರೂಪಾಯಿಯ ಸಾಲಪತ್ರಕ್ಕೆ ಸಹಿ ಮಾಡಿದ. ಮೊಕದ್ದಮೆ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. 1903ರಲ್ಲಿ ತೀರ್ಪು ಬಂತು: ಅಪ್ರಾಪ್ತ ವಯಸ್ಕನು ಮಾಡಿಕೊಂಡ ಕರಾರು ಹುಟ್ಟಿನಿಂದಲೇ ಅನೂರ್ಜಿತ. ಇವತ್ತಿಗೂ ಕಾನೂನು ಓದುವ ಮಕ್ಕಳು ಮೊದಲ ವರ್ಷದಲ್ಲೇ ಕಲಿಯುವ ಪ್ರಕರಣ ಇದು.

ಇದನ್ನು ಪಕ್ಕದಲ್ಲಿಟ್ಟುಕೊಂಡು 'ಚೋಮನ ದುಡಿ' (1933) ಓದಿ. ಸಾಲ ಚೋಮನದು. ತೀರಿಸಲು ಘಟ್ಟದ ಮೇಲಿನ ಕಾಫಿ ತೋಟಕ್ಕೆ ಹೋಗುವವರು ಚನಿಯ, ಗುರುವ. ಚನಿಯ ಜ್ವರ ಹೊತ್ತುಕೊಂಡು ಬಂದು ಸಾಯುತ್ತಾನೆ. ಗುರುವ ತೋಟದಲ್ಲಿ ಕ್ರೈಸ್ತ ಹುಡುಗಿಯೊಬ್ಬಳಿಗೆ ಮನಸೋತು ಹಿಂದಿರುಗುವುದೇ ಇಲ್ಲ. ಆಮೇಲೆ ಬೆಳ್ಳಿಯ ಸರದಿ. ಅವಳು ಆ ಸಾಲವನ್ನು ಯಾವ ನಾಣ್ಯದಲ್ಲಿ ತೀರಿಸಬೇಕಾಯಿತು ಎಂಬುದು ಕಾದಂಬರಿ ಓದಿದವರಿಗೆ ಗೊತ್ತು. ಈ ಮಕ್ಕಳ ವಯಸ್ಸೆಷ್ಟು ಎಂಬುದು ತೋಟದ ಲೆಕ್ಕದ ಪುಸ್ತಕಕ್ಕೆ ಬೇಕಾಗಿಲ್ಲ. ಆಸ್ತಿಯಿರುವ ಮನೆಯ ಹುಡುಗ ಸಹಿ ಮಾಡಿದರೂ ಸಾಲ ಅವನನ್ನು ಅಂಟುವುದಿಲ್ಲ. ಆಸ್ತಿಯಿಲ್ಲದವನ ಮಕ್ಕಳು ಸಹಿ ಮಾಡದಿದ್ದರೂ ಸಾಲ ಅವರ ಮೈಯನ್ನೇ ಅಂಟುತ್ತದೆ.

ಕಾದಂಬರಿ ಬಂದ ಅದೇ 1933ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಮಕ್ಕಳ ದುಡಿಮೆಯನ್ನು ಒತ್ತೆಯಿಡುವುದನ್ನು ತಡೆಯುವ ಕಾಯ್ದೆ ಬಂತು. 15 ತುಂಬದ ಮಗುವಿನ ದುಡಿಮೆಯನ್ನು ಸಾಲಕ್ಕೆ ಈಡಾಗಿ ಬರೆದುಕೊಡುವ ಕರಾರು ನಡೆಯುವುದಿಲ್ಲ ಎಂದಿತು. ಬಿ.ವಿ. ಕಾರಂತರು ಇದನ್ನು ಸಿನಿಮಾ ಮಾಡಿದ್ದು 1975ರಲ್ಲಿ. ಜೀತಪದ್ಧತಿ ನಿರ್ಮೂಲನದ ಸುಗ್ರೀವಾಜ್ಞೆಯೂ ಅದೇ ವರ್ಷ ಬಂದು ಮರುವರ್ಷ ಕಾಯ್ದೆಯಾಯಿತು. ಇದು ಕಾಕತಾಳೀಯವಿರಬಹುದು. ಆದರೆ ಶಿವರಾಮ ಕಾರಂತರು ಯಾವ ಗಾಯದ ಮೇಲೆ ಬೆರಳಿಟ್ಟಿದ್ದರು ಎಂಬುದು ಇದರಿಂದ ಗೊತ್ತಾಗುತ್ತದೆ.

ಈ ಕಡೆಯಿಂದ ನೋಡಿದಾಗ ಗುರುವನ ಪಾತ್ರ ಬದಲಾಗಿಬಿಡುತ್ತದೆ. ಚೋಮನ ದುಃಖದ ಕಣ್ಣಿನಿಂದ ನೋಡಿದರೆ ಅವನು ಕೈಕೊಟ್ಟ ಮಗ. ಹೆಚ್ಚಿನ ವಿಮರ್ಶೆ ಅವನನ್ನು ಮತಾಂತರದ ಚರ್ಚೆಗೆ ಒಂದು ಉದಾಹರಣೆಯಾಗಿ ಬಳಸಿಕೊಂಡು ಮುಂದೆ ಸಾಗುತ್ತದೆ. ನನಗೆ ಈಗ ಅವನು 'ಈ ಸಾಲ ನನ್ನದಲ್ಲ' ಎಂದು ಕಾಲಿನಿಂದ ಹೇಳಿದ ಹುಡುಗನಂತೆ ಕಾಣುತ್ತಾನೆ. ಬಾಯಿಂದ ಹೇಳಲು ಅವನಿಗೆ ಜಾಗವಿರಲಿಲ್ಲ. ಅವನ ತಮ್ಮ ನೀಲ ನೀರಿನಲ್ಲಿ ಮುಳುಗುವಾಗ ದಡದಲ್ಲಿ ಜನವಿದ್ದೂ ಮುಟ್ಟಲು ಕೈ ಚಾಚದ ಲೋಕ ಅದು. ಕಾರಂತರು ಗುರುವನ ಜೊತೆಗೆ ನಾಲ್ಕು ಹೆಜ್ಜೆ ಹೋಗಿದ್ದರೆ, ಅವನು ರಾತ್ರಿ ಮಲಗುವಾಗ ಅಪ್ಪನ ದುಡಿಯ ಸದ್ದು ನೆನೆದನೇ ಎಂದು ಕೇಳಿದ್ದರೆ, ಕನ್ನಡಕ್ಕೆ ಇನ್ನೊಂದು ಬಗೆಯ ತರುಣ ಆಗಲೇ ಸಿಗುತ್ತಿದ್ದ. ಆದರೆ ಕಾದಂಬರಿ ಚೋಮನದು, ದುಡಿ ಚೋಮನದು. ಮಕ್ಕಳು ಅವನ ದುರಂತದ ಮೆಟ್ಟಿಲುಗಳು.

*

ಇನ್ನು 'ಫಣಿಯಮ್ಮ'. ಎಂ.ಕೆ. ಇಂದಿರಾ ಅವರ ಈ ಕಾದಂಬರಿ 1976ರಲ್ಲಿ ಬಂತು, ಪ್ರೇಮಾ ಕಾರಂತರ ಚಿತ್ರ 1983ರಲ್ಲಿ. ಲೇಖಕಿ ತಮ್ಮದೇ ಕುಟುಂಬದ ಹಿರಿಯಳೊಬ್ಬಳ ಬದುಕನ್ನು ಆಧರಿಸಿ ಬರೆದದ್ದು. 1840ರಲ್ಲಿ ಹುಟ್ಟಿ 1952ರಲ್ಲಿ ತೀರಿಕೊಂಡ, 112 ವರ್ಷ ಬಾಳಿದ ಹೆಂಗಸು. 9ನೇ ವಯಸ್ಸಿಗೆ ಮದುವೆ, ಸ್ವಲ್ಪದರಲ್ಲೇ ಗಂಡ ಹಾವು ಕಚ್ಚಿ ಸಾಯುತ್ತಾನೆ. ಮೈನೆರೆದ ಮೇಲೆ ತಲೆ ಬೋಳಿಸುತ್ತಾರೆ. ಅಲ್ಲಿಂದ ಮುಂದೆ ಉಳಿದ ಇಡೀ ಶತಮಾನ ಅವಳು ಮಡಿ, ಒಪ್ಪೊತ್ತಿನ ಊಟ, ಎಲ್ಲರ ಮನೆಯ ಬಸಿರು ಬಾಣಂತನ.

ಈ ಒಂದು ಬದುಕಿನ ಪಕ್ಕದಲ್ಲಿ ಕಾನೂನಿನ ತಾರೀಖುಗಳನ್ನು ಬರೆಯುತ್ತಾ ಹೋದೆ. ಬ್ರಿಟಿಷ್ ಇಂಡಿಯಾದಲ್ಲಿ ಹಿಂದೂ ವಿಧವೆಯರ ಮರುಮದುವೆಗೆ ಮಾನ್ಯತೆ ಕೊಟ್ಟ ಕಾಯ್ದೆ ಬಂದದ್ದು 1856ರಲ್ಲಿ. ಫಣಿಯಮ್ಮನಿಗೆ ಆಗ 16. ಸಮ್ಮತಿಯ ವಯಸ್ಸನ್ನು 10ರಿಂದ 12ಕ್ಕೆ ಏರಿಸಿದ ಕಾಯ್ದೆ ಬಂದದ್ದು 1891ರಲ್ಲಿ, ಅವಳಿಗೆ 51. ಮೈಸೂರು ಸಂಸ್ಥಾನ 1894ರಲ್ಲಿ ಶಿಶುವಿವಾಹ ತಡೆಯುವ ನಿಬಂಧನೆ ತಂದಿತು. ದೇಶದಲ್ಲೇ ಮುಂದುವರಿದ ಹೆಜ್ಜೆ ಎಂದು ನಾವು ಹೆಮ್ಮೆಪಡುವ ಕಾನೂನು ಅದು. 8 ತುಂಬದ ಹುಡುಗಿಯ ಮದುವೆಯನ್ನು ನಿಷೇಧಿಸಿತು. 50 ದಾಟಿದ ಗಂಡಸು 14 ತುಂಬದ ಹುಡುಗಿಯನ್ನು ಮದುವೆಯಾಗಬಾರದು ಎಂದಿತು. ಆ ಕಾನೂನು ಅರ್ಧ ಶತಮಾನ ಮೊದಲೇ ಬಂದಿದ್ದರೂ ಫಣಿಯಮ್ಮನನ್ನು ಉಳಿಸುತ್ತಿರಲಿಲ್ಲ. ಅವಳ ಮದುವೆ ಆದದ್ದು 9ಕ್ಕೆ, ಕಾನೂನಿನ ಗೆರೆ 8ಕ್ಕೆ. 1929ರ ಶಾರದಾ ಕಾಯ್ದೆ ಹುಡುಗಿಗೆ 14, ಹುಡುಗನಿಗೆ 18 ಎಂದಾಗ ಅವಳಿಗೆ 89. ಪ್ರಾಪ್ತ ವಯಸ್ಕರೆಲ್ಲರಿಗೂ ಮತ ಎಂದು ಸಂವಿಧಾನ ಹೇಳಿದಾಗ 110. ಈ ಉದ್ದಕ್ಕೂ ಕಾನೂನು ಅವಳ ಹಿಂದೆಯೇ ಓಡುತ್ತಿತ್ತು, ಒಮ್ಮೆಯೂ ಹಿಡಿಯಲಿಲ್ಲ.

ಅವಳ ಹೊಣೆಗಳು ಮಾತ್ರ ಒಂದು ದಿನವೂ ತಡಮಾಡಿ ಬರಲಿಲ್ಲ. ವಿಧವೆಯ ಹೊಣೆ ಮಗುವಾಗಿದ್ದಾಗಲೇ ಬಂತು, ಬೋಳುತಲೆಯ ಹೊಣೆ ಮೈನೆರೆದ ಕೂಡಲೇ ಬಂತು. ಮದುವೆ ಎಂದರೇನು ಎಂದು ತಿಳಿಯದ ಮಗುವಿನ ಮೇಲೆ ಮದುವೆ ಮುರಿದದ್ದರ ಪೂರ್ತಿ ದಂಡ.

ನಾವಿರುವ ಊರುಗಳಲ್ಲೊಂದಾದ ಮುಂಬೈಯಲ್ಲಿ ಇದೇ ಮಾತು ಕೋರ್ಟಿನ ಕಟೆಕಟೆ ಹತ್ತಿತ್ತು. ರಖ್ಮಾಬಾಯಿ 11ರಲ್ಲಿ ಮದುವೆಯಾದವಳು. ಬೆಳೆದ ಮೇಲೆ ಗಂಡನ ಮನೆಗೆ ಹೋಗುವುದಿಲ್ಲ ಎಂದಳು. 1884ರಲ್ಲಿ ಗಂಡ ದಾವೆ ಹೂಡಿದ. ಹೋಗದಿದ್ದರೆ ಜೈಲು ಎಂದು 1887ರಲ್ಲಿ ಆದೇಶವಾದಾಗ ಜೈಲೇ ಆಗಲಿ ಎಂದಳು. ಮರುವರ್ಷ ರಾಜಿಯಾಗಿ ಪ್ರಕರಣ ಮುಗಿಯಿತು; ಅವಳು ಇಂಗ್ಲೆಂಡಿಗೆ ಹೋಗಿ ಡಾಕ್ಟರಾಗಿ ಬಂದಳು. ಅವಳ ವಾದದ ತಿರುಳು ಬಹಳ ಸರಳ: ಮಗುವಾಗಿದ್ದಾಗ ನನ್ನನ್ನು ಕೇಳದೆ ಮಾಡಿದ ಮದುವೆಯ ಕರ್ತವ್ಯ ನನಗೆ ಹೇಗೆ ಬಂತು?

ನಮ್ಮ ತಿಂಗಳ ಓದುಕೂಟದಲ್ಲಿ 'ಫಣಿಯಮ್ಮ' ಚರ್ಚೆಯಾದಾಗ ಎಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು ಕೇಳಿದಳು: "ಸರ್, ಇವಳಿಗೆ ಸಿಟ್ಟೇ ಬರೋದಿಲ್ವಾ?" ಸಭೆಯ ಹಿರಿಯರಿಗೆ ಪ್ರಶ್ನೆ ಹಿಡಿಸಲಿಲ್ಲ. ಫಣಿಯಮ್ಮನ ಕ್ಷಮೆಯೇ ಕಾದಂಬರಿಯ ಎತ್ತರ ಎಂದರು. ನನಗೆ ಆ ಹುಡುಗಿಯ ಮಾತೇ ಸರಿ ಅನ್ನಿಸುತ್ತದೆ. ಇಂದಿರಾ ಅವರು ಫಣಿಯಮ್ಮನನ್ನು ದೇವತೆ ಮಾಡಿಬಿಟ್ಟರು. ದೇವತೆಗೆ ಹಕ್ಕು ಬೇಕಾಗುವುದಿಲ್ಲ, ಕೈ ಮುಗಿದರೆ ಸಾಕು. ಬಲಿಯಾದವಳನ್ನು ಪೂಜಿಸುವುದು ನಮಗೆ ಸುಲಭ, ಅವಳಿಗೆ ಉತ್ತರ ಕೊಡುವುದು ಕಷ್ಟ.

ಆದರೆ ಲೇಖಕಿಗೆ ಇದು ಗೊತ್ತಿರಲಿಲ್ಲ ಎನ್ನುವಂತಿಲ್ಲ. ಅದಕ್ಕೇ ಅವರು ದಾಕ್ಷಾಯಣಿಯನ್ನು ತಂದರು. ಅವಳೂ ಎಳೆಯ ವಿಧವೆ. ತಲೆ ಬೋಳಿಸಿಕೊಳ್ಳುವುದಿಲ್ಲ ಎಂದು ಹಟ ಹಿಡಿಯುತ್ತಾಳೆ. ಮುಂದೆ ಬಸಿರಾದಾಗಲೂ ತಲೆ ತಗ್ಗಿಸುವುದಿಲ್ಲ. ಹಿರಿಯರೆಲ್ಲ ಹೌಹಾರಿದಾಗ ಅವಳ ಪರವಾಗಿ ನಿಲ್ಲುವವಳು ಫಣಿಯಮ್ಮ. ನನ್ನ ಓದಿನಲ್ಲಿ ಕಾದಂಬರಿಯ ನಡುಗಂಬ ಈ ಭಾಗ. ಫಣಿಯಮ್ಮ ತನಗೆ ಸಿಗದಿದ್ದ ಸಿಟ್ಟನ್ನು ಇನ್ನೊಬ್ಬಳಿಗೆ ದಾನ ಮಾಡುವ ಗಳಿಗೆ ಅದು. ದೂರು ಇರುವುದು ಒಂದೇ: ದಾಕ್ಷಾಯಣಿಗೆ ಜಗಳವನ್ನು ಕೊಟ್ಟ ಲೇಖಕಿ ಅವಳಿಗೆ ಏಕಾಂತವನ್ನು ಕೊಡಲಿಲ್ಲ. ನಾವು ಅವಳನ್ನು ಅಂಗಳದಲ್ಲಿ ಕಂಡೆವು, ಕೋಣೆಯೊಳಗೆ ಕಾಣಲಿಲ್ಲ.

ಇದೆಲ್ಲ ಮುಗಿದ ಕಾಲದ ಕತೆ ಎಂದು ನಿಟ್ಟುಸಿರು ಬಿಡುವ ಮೊದಲು ಒಂದು ವಿವರ. 2013ರಿಂದ 2017ರ ಅಕ್ಟೋಬರ್‌ವರೆಗೆ ನಮ್ಮ ದಂಡಸಂಹಿತೆಯಲ್ಲಿ ಹೀಗಿತ್ತು: ಮದುವೆಯಾಗದ 17ರ ಹುಡುಗಿಯ 'ಹೂಂ' ಕಾನೂನಿನ ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಅವಳು ಮಗು. ಮದುವೆಯಾದ 15ರ ಹುಡುಗಿಯ 'ಊಹೂಂ' ಕೂಡ ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಅವಳು ಹೆಂಡತಿ. ಇಂಡಿಪೆಂಡೆಂಟ್ ಥಾಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಸರಿಪಡಿಸಿತು. ಬಾಲ್ಯವಿವಾಹವನ್ನು ಮೊದಲಿನಿಂದಲೇ ಅನೂರ್ಜಿತ ಎಂದು ತಿದ್ದುಪಡಿ ತಂದ ಕರ್ನಾಟಕವನ್ನು ಆ ತೀರ್ಪಿನಲ್ಲಿ ಮೆಚ್ಚಿಕೊಂಡಿತು ಕೂಡ. ದೇಶದ ಹೆಚ್ಚಿನ ಕಡೆ 2006ರ ಕಾಯ್ದೆಯಂತೆ ಅಂಥ ಮದುವೆ ತಾನಾಗಿ ರದ್ದಾಗುವುದಿಲ್ಲ. ಮಗುವೇ ಕೋರ್ಟಿಗೆ ಹೋಗಿ, ಪ್ರಾಪ್ತ ವಯಸ್ಸಾಗಿ 2 ವರ್ಷದೊಳಗೆ, ರದ್ದು ಮಾಡಿಸಿಕೊಳ್ಳಬೇಕು. ಅಲ್ಲಿಯೂ ಹೊಣೆ ಯಾರದು ನೋಡಿ.

*

'ಘಟಶ್ರಾದ್ಧ' ನನ್ನನ್ನು ಇನ್ನೊಂದು ಬಗೆಯಲ್ಲಿ ಕಾಡುತ್ತದೆ. ಅನಂತಮೂರ್ತಿಯವರ ಕತೆ, ಗಿರೀಶ ಕಾಸರವಳ್ಳಿಯವರ 1977ರ ಚಿತ್ರ. ಶೇಷಗಿರಿ ಉಡುಪರ ಮನೆಯ ವೇದಪಾಠಶಾಲೆಗೆ ಬಂದ ಪುಟ್ಟ ಹುಡುಗ ನಾಣಿ; ಉಡುಪರ ವಿಧವೆ ಮಗಳು ಯಮುನಕ್ಕ. ಅವಳು ಶಾಲಾಮೇಷ್ಟರಿಂದ ಬಸಿರಾಗುತ್ತಾಳೆ. ಮೇಷ್ಟರು ಜಾರಿಕೊಳ್ಳುತ್ತಾರೆ. ಅಪ್ಪ ಬದುಕಿರುವ ಮಗಳ ಶ್ರಾದ್ಧ ಮಾಡಿ ಅವಳನ್ನು ಜಾತಿಯಿಂದ ಹೊರಹಾಕುತ್ತಾರೆ.

ಎಲ್ಲವನ್ನೂ ಕಂಡವನು ನಾಣಿ ಒಬ್ಬನೇ. ಇಡೀ ಅಗ್ರಹಾರ ತೀರ್ಪು ಕೊಡುತ್ತದೆ, ಸಾಕ್ಷಿಯನ್ನು ಮಾತ್ರ ಯಾರೂ ಕರೆಯುವುದಿಲ್ಲ. ನಮ್ಮ 1872ರ ಸಾಕ್ಷ್ಯ ಕಾಯ್ದೆಯ ಒಂದು ಒಳ್ಳೆಯ ಗುಣ ಇಲ್ಲಿ ನೆನಪಾಗುತ್ತದೆ. ಸಾಕ್ಷಿ ಹೇಳಲು ಅದು ಕನಿಷ್ಠ ವಯಸ್ಸನ್ನೇ ಇಡಲಿಲ್ಲ. ಕೇಳಿದ್ದು ಅರ್ಥವಾಗಿ, ಅರ್ಥವಾಗುವ ಉತ್ತರ ಕೊಡಬಲ್ಲ ಮಗುವೂ ಸಾಕ್ಷಿಯೇ. 12 ತುಂಬದ ಮಗುವಿಗೆ ಪ್ರಮಾಣವಚನದ ಅರ್ಥ ತಿಳಿಯದಿದ್ದರೆ ಅದಿಲ್ಲದೆಯೂ ಹೇಳಿಕೆ ಪಡೆಯಬಹುದು. ಈಗಿನ ಹೊಸ ಕಾಯ್ದೆಯೂ ಇದನ್ನು ಉಳಿಸಿಕೊಂಡಿದೆ. ವಯಸ್ಸನ್ನು ಎಣಿಸದೆ ತಿಳಿವಳಿಕೆಯನ್ನು ಅಳೆಯುವ ಅಪರೂಪದ ಜಾಗ ಇದು. ಕಾಸರವಳ್ಳಿಯವರ ಕ್ಯಾಮೆರಾ ಮಾಡಿದ್ದೂ ಅದನ್ನೇ: ಅಗ್ರಹಾರ ಕೇಳದ ಸಾಕ್ಷಿಯನ್ನು ಪ್ರೇಕ್ಷಕರ ಮುಂದೆ ನಿಲ್ಲಿಸಿತು. ಕೊನೆಗೆ ನಾಣಿಯನ್ನು ಅವನ ಅಪ್ಪ ಕರೆದುಕೊಂಡು ಹೋಗುತ್ತಾನೆ. ತಲೆ ಬೋಳಿಸಿದ ಯಮುನಕ್ಕ ಮರದಡಿ ಒಬ್ಬಳೇ. ಹುಡುಗ ತಿರುಗಿ ನೋಡುತ್ತಾನೆ. ಆ ನೋಟವೇ ಅವನ ಹೇಳಿಕೆ.

ಹಿಂದೆ ಈ ಚಿತ್ರ ನೋಡಿದಾಗ ಕಾಣದ ಇನ್ನೊಂದು ಸಂಗತಿ ಯಮುನಕ್ಕನ ಗರ್ಭಪಾತ. ಕತ್ತಲಲ್ಲಿ, ಕದ್ದು, ಜೀವ ಕೈಯಲ್ಲಿ ಹಿಡಿದು. 1971ರಲ್ಲೇ ವೈದ್ಯಕೀಯ ಗರ್ಭಪಾತದ ಕಾಯ್ದೆ ಬಂದಿದೆಯಲ್ಲ, ಇಂದಿನ ಯಮುನೆಗೆ ಆಸ್ಪತ್ರೆ ಇದೆಯಲ್ಲ ಎನ್ನಬಹುದು. ನಿಜ. ಆದರೆ ಅವಳಿಗೆ 18 ತುಂಬಿರದಿದ್ದರೆ ಆ ಕಾಯ್ದೆಯ ಪ್ರಕಾರ ಪೋಷಕರ ಲಿಖಿತ ಒಪ್ಪಿಗೆ ಬೇಕು. ಸಹಿ ಹಾಕಬೇಕಾದವರು ಯಾರು? ಶೇಷಗಿರಿ ಉಡುಪರು. ಮಗಳ ಶ್ರಾದ್ಧ ಮಾಡಿದ ಕೈಯೇ ಅವಳ ಮೈಯ ಕಾಗದಕ್ಕೂ ಸಹಿ ಮಾಡಬೇಕು. ಪೋಷಕರು ಯಾವಾಗಲೂ ಮಗುವಿನ ಪಕ್ಷ ಎಂಬ ನಂಬಿಕೆಯ ಮೇಲೆ ಕಾನೂನಿನ ಈ ಭಾಗವೆಲ್ಲ ನಿಂತಿದೆ. ಕನ್ನಡ ಸಾಹಿತ್ಯ ನೂರಿಪ್ಪತ್ತೈದು ವರ್ಷಗಳಿಂದ, 'ಇಂದಿರಾಬಾಯಿ'ಯಿಂದಲೇ, ಆ ನಂಬಿಕೆಗೆ ತಕರಾರು ಸಲ್ಲಿಸುತ್ತಾ ಬಂದಿದೆ.

*

ಈಗ ನಮ್ಮ ಕಾಲಕ್ಕೆ ಬರುತ್ತೇನೆ. 2012ರಲ್ಲಿ ಪೋಕ್ಸೊ ಕಾಯ್ದೆ ಬಂತು. ಅದುವರೆಗೆ 16 ಇದ್ದ ಸಮ್ಮತಿಯ ವಯಸ್ಸು 18 ಆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿಯ ನಿರ್ಭಯಾ ಪ್ರಕರಣ. ಆರೋಪಿಗಳಲ್ಲಿ ಒಬ್ಬ 18 ತುಂಬದವನು. ದೇಶ ಕುದಿಯಿತು. 2015ರ ಬಾಲನ್ಯಾಯ ಕಾಯ್ದೆ ಬಂದು, 16ರಿಂದ 18ರೊಳಗಿನವರು ಘೋರ ಅಪರಾಧ ಮಾಡಿದ ಆರೋಪವಿದ್ದರೆ ಅವರನ್ನು ವಯಸ್ಕರಂತೆ ವಿಚಾರಣೆಗೆ ಒಪ್ಪಿಸಬಹುದು ಎಂದಿತು. ಅದಕ್ಕೆ ಮೊದಲು ಬಾಲನ್ಯಾಯ ಮಂಡಳಿ ಆ ಹುಡುಗನ ಮಾನಸಿಕ, ದೈಹಿಕ ಸಾಮರ್ಥ್ಯವನ್ನೂ ಪರಿಣಾಮವನ್ನು ಅರಿಯುವ ಶಕ್ತಿಯನ್ನೂ ಅಳೆಯಬೇಕು.

ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. 17ರ ಹುಡುಗ ಕೇಡು ಮಾಡಿದರೆ, ಅವನು ಪರಿಣಾಮ ಅರಿತು ಮಾಡಿದನೇ ಎಂದು ಪರೀಕ್ಷಿಸಲು ಒಂದು ಮಂಡಳಿಯೇ ಇದೆ. ಅದೇ 17ರ ಹುಡುಗಿ ಪ್ರೀತಿಗೆ ಒಪ್ಪಿದರೆ, ಅವಳು ಅರಿತು ಒಪ್ಪಿದಳೇ ಎಂದು ಕೇಳಲು ಕಾಯ್ದೆಯಲ್ಲಿ ಜಾಗವೇ ಇಲ್ಲ. ತಪ್ಪು ಮಾಡುವಷ್ಟು ಬುದ್ಧಿ 16ಕ್ಕೆ ಬರುತ್ತದೆ, ಇಷ್ಟಪಡುವಷ್ಟು ಬುದ್ಧಿ 18ಕ್ಕೆ. ಈ ಬರಹದ ತಲೆಬರಹ ಅಲ್ಲಿಂದ ಬಂದದ್ದು.

18ರ ಗೆರೆಯನ್ನು ಸುಮ್ಮನೆ ಎಳೆದದ್ದಲ್ಲ ಎಂಬುದನ್ನೂ ಹೇಳಬೇಕು. ಧಾರವಾಡ ಪೀಠದಿಂದ ಕರ್ನಾಟಕ ಹೈಕೋರ್ಟು 2022ರಲ್ಲಿ, 16 ದಾಟಿದವರ ಪ್ರೇಮಪ್ರಕರಣಗಳನ್ನು ಕಂಡು, ಈ ವಯಸ್ಸಿನ ಬಗ್ಗೆ ಮರುಚಿಂತನೆ ಮಾಡಿ ಎಂದು ಕಾನೂನು ಆಯೋಗವನ್ನು ಕೇಳಿತು. ಆಯೋಗ 2023ರ ತನ್ನ 283ನೇ ವರದಿಯಲ್ಲಿ ವಯಸ್ಸನ್ನು ಇಳಿಸುವುದು ಬೇಡ ಎಂದಿತು. ಇಳಿಸಿದರೆ ಬಾಲ್ಯವಿವಾಹಕ್ಕೂ ಮಕ್ಕಳ ಸಾಗಾಟಕ್ಕೂ ದಾರಿಯಾಗಬಹುದು ಎಂಬ ಅಳುಕು ಅದಕ್ಕೆ. ಫಣಿಯಮ್ಮನ ಕತೆ ಓದಿದ ಯಾರೂ ಆ ಅಳುಕನ್ನು ತಳ್ಳಿಹಾಕಲಾರರು. 16ರಿಂದ 18ರೊಳಗಿನವರ ಪ್ರಕರಣಗಳಲ್ಲಿ ನ್ಯಾಯಾಧೀಶರಿಗೆ ಒಂದಿಷ್ಟು ವಿವೇಚನೆ ಇರಲಿ ಎಂದು ಮಾತ್ರ ಆಯೋಗ ಸೂಚಿಸಿತು. ಅಂದರೆ ಗೆರೆ ಅಲ್ಲೇ ಇರಲಿ, ಆದರೆ ಕೇಳಿ ನೋಡಿ.

ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬಂಗಾಳದ ಒಂದು ಪ್ರಕರಣವಿದೆ. 2023ರಲ್ಲಿ ಕಲ್ಕತ್ತಾ ಹೈಕೋರ್ಟು ಆರೋಪಿಯನ್ನು ಬಿಡುಗಡೆ ಮಾಡುತ್ತಾ ಹದಿಹರೆಯದ ಹುಡುಗಿಯರು ಆಸೆಯನ್ನು ಹತೋಟಿಯಲ್ಲಿಡಬೇಕೆಂದು ಬುದ್ಧಿವಾದ ಹೇಳಿತು. 2024ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದು ಮಾಡಿ, ಶಿಕ್ಷಾರ್ಹ ಅಪರಾಧವೆಂದು ಎತ್ತಿಹಿಡಿಯಿತು. ಜೊತೆಗೇ, ಈಗ ದೊಡ್ಡವಳಾಗಿ ಅವನೊಂದಿಗೆ ಸಂಸಾರ ಮಾಡುತ್ತಿದ್ದ ಆ ಹೆಣ್ಣಿಗೆ ಏನು ಬೇಕೆಂದು ತಿಳಿಯಲು ತಜ್ಞರ ಸಮಿತಿಯನ್ನು ಕಳಿಸಿತು. ಆ ಘಟನೆಗಿಂತ ಅದರ ನಂತರದ ಪೊಲೀಸು, ಕೋರ್ಟು, ಊರವರ ದೂಷಣೆಯೇ ಅವಳನ್ನು ಹೆಚ್ಚು ನೋಯಿಸಿತ್ತು ಎಂಬುದು ಹೊರಬಂತು. 2025ರ ಮೇ ತಿಂಗಳಲ್ಲಿ ಕೋರ್ಟು ಅವನಿಗೆ ಶಿಕ್ಷೆ ವಿಧಿಸುವುದಿಲ್ಲ ಎಂದಿತು. 'ನಿನಗೆ ಏನು ಬೇಕಮ್ಮಾ' ಎಂಬ ಪ್ರಶ್ನೆ ಅವಳನ್ನು ತಲುಪುವ ಹೊತ್ತಿಗೆ ಅವಳು ಮಗುವಿನ ತಾಯಿಯಾಗಿದ್ದಳು.

ಇನ್ನೊಂದು ಮಗ್ಗುಲೂ ಇದೆ, ಹಣವಿದ್ದರೆ ಹೊಣೆಯೇ ಮಾಯವಾಗುವ ಮಗ್ಗುಲು. ಪುಣೆಯವರಿಗೆ 2024ರ ಮೇ 19ರ ಕಲ್ಯಾಣಿನಗರದ ಆ ರಾತ್ರಿಯನ್ನು ನೆನಪಿಸಬೇಕಾಗಿಲ್ಲ. 17 ದಾಟಿದ ಹುಡುಗ ಓಡಿಸುತ್ತಿದ್ದನೆಂದು ಪೊಲೀಸರು ಹೇಳಿದ ಪೋರ್ಷೆ ಕಾರು ಡಿಕ್ಕಿ ಹೊಡೆದು ಇಬ್ಬರು ಎಂಜಿನಿಯರುಗಳು ತೀರಿಕೊಂಡರು. ಊರು ಬಿಟ್ಟು ಕೆಲಸಕ್ಕೆ ಬಂದವರು, ನಮ್ಮ ಹಾಗೆಯೇ. ಕೆಲವೇ ಗಂಟೆಗಳಲ್ಲಿ ಜಾಮೀನು ಸಿಕ್ಕಿತು. ಶರತ್ತುಗಳಲ್ಲೊಂದು ರಸ್ತೆ ಅಪಘಾತದ ಬಗ್ಗೆ 300 ಪದಗಳ ಪ್ರಬಂಧ. ಪ್ರಬಂಧಗಳನ್ನು ಓದುವುದೇ ಹವ್ಯಾಸವಾದ ನನ್ನಂಥವನಿಗೂ ಆ ಸುದ್ದಿ ಓದಿ ನಾಚಿಕೆಯಾಯಿತು. ಹುಡುಗನನ್ನು ವಯಸ್ಕನಂತೆ ವಿಚಾರಿಸಬೇಕೆಂಬ ಪೊಲೀಸರ ಕೋರಿಕೆಯನ್ನು 2025ರಲ್ಲಿ ಮಂಡಳಿ ಒಪ್ಪಲಿಲ್ಲ. ಅದು ತಪ್ಪೆಂದು ನಾನು ಹೇಳುವುದಿಲ್ಲ. ಬಾಲನ್ಯಾಯದ ತತ್ವ ಶ್ರೀಮಂತರ ಮಕ್ಕಳಿಗೂ ಸಲ್ಲಬೇಕು. ಕೇಳಬೇಕಾದದ್ದು ಆ ತತ್ವ ಚನಿಯನಿಗೆ ಏಕೆ ಸಲ್ಲಲಿಲ್ಲ ಎಂದು.

18 ದಾಟಿದರೆ ಎಲ್ಲ ಮುಗಿಯಿತೇ? ನನಗೆ ಗೊತ್ತಿರುವ ಒಂದು ಹಾಸ್ಟೆಲಿನಲ್ಲಿ 20ರ ಹುಡುಗಿ ಭಾನುವಾರ ಗೆಳತಿಯ ಮನೆಗೆ ಹೋಗಲು ಊರಿನ ಅಪ್ಪನಿಂದ ಒಪ್ಪಿಗೆ ಪತ್ರ ತರಿಸಬೇಕು. ಅದೇ ಹುಡುಗಿ ಶಿಕ್ಷಣ ಸಾಲದ ಕಾಗದಕ್ಕೆ ತಾನೇ ಸಹಿ ಮಾಡಿದ್ದಾಳೆ. ಉತ್ತರಾಖಂಡದ 2024ರ ಸಮಾನ ನಾಗರಿಕ ಸಂಹಿತೆ, ಮದುವೆಯಿಲ್ಲದೆ ಕೂಡಿ ಬಾಳುವವರಲ್ಲಿ ಯಾರಿಗಾದರೂ 21 ತುಂಬಿರದಿದ್ದರೆ ತಂದೆತಾಯಿಗೆ ತಿಳಿಸಬೇಕು ಎನ್ನುತ್ತದೆ. ಸರ್ಕಾರವನ್ನು ಆರಿಸಬಲ್ಲವಳು ಸಂಗಾತಿಯನ್ನು ಆರಿಸಿದರೆ ಮನೆಗೆ ಪತ್ರ ಹೋಗುತ್ತದೆ.

*

ಇಷ್ಟು ಹೇಳಿದ ಮೇಲೆ ಸಾಹಿತ್ಯದ ಕಡೆಯ ಬಾಕಿಯನ್ನೂ ಹೇಳಬೇಕು. ನಮ್ಮ ಕಥನಕ್ಕೆ ಮಗುವಿನ ಕಣ್ಣು ಒಲಿದಿದೆ. ನಾಣಿಯಂಥ ಸಾಕ್ಷಿಗಳು ನಮಗೆ ಬೇಕಾದಷ್ಟಿದ್ದಾರೆ. ನೋಯುವ ಹೆಣ್ಣುಮಕ್ಕಳನ್ನು ಕಂಡು ಕಣ್ಣೀರು ಹಾಕಿದ್ದೇವೆ. ಆದರೆ ತಾನೇ ನಿರ್ಧರಿಸುವ, ನಿರ್ಧರಿಸಿ ಎಡವುವ, ಎಡವಿದ್ದರ ಹೊಣೆ ಹೊರುವ ಹದಿನೇಳರ ಜೀವ ನಮ್ಮಲ್ಲಿ ಅಪರೂಪ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ದೊಡ್ಡ ಹೊರತು. ಅಲ್ಲಿ ಗುತ್ತಿ ತಿಮ್ಮಿಯರು ಓಡುತ್ತಾರೆ, ಚಿನ್ನಮ್ಮ ಬೇಡದ ಮದುವೆಯಿಂದ ತಪ್ಪಿಸಿಕೊಂಡು ಇರುಳ ಕಾಡಿಗೆ ನುಗ್ಗುತ್ತಾಳೆ. ಕಾಡು ಅವರ ವಯಸ್ಸಿನ ದಾಖಲೆ ಕೇಳುವುದಿಲ್ಲ. ಕಾದಂಬರಿಯ ಅರ್ಧ ಆನಂದ ಅದರಲ್ಲೇ ಇದೆ.

ಇತ್ತೀಚಿನದರಲ್ಲಿ ನನಗೆ ಮುಖ್ಯವೆನಿಸಿದ್ದು ರೂಪಾ ರಾವ್ ಅವರ 'ಗಂಟುಮೂಟೆ' (2019). ತೊಂಬತ್ತರ ದಶಕದ ಹೈಸ್ಕೂಲು ಹುಡುಗಿ ಮೀರಾಳ ಕತೆ, ಮೀರಾಳದೇ ದನಿಯಲ್ಲಿ. ಮಧುವನ್ನು ಮೆಚ್ಚುವವಳು ಅವಳು, ಆಸೆಪಡುವವಳು ಅವಳು, ಕೊನೆಗೆ ಅವನ ಸಾವಿನ ಗಂಟನ್ನು ಹೊತ್ತು ನಡೆಯುವವಳೂ ಅವಳೇ. ಆ ಚಿತ್ರದ ಕಾಲದಲ್ಲಿ ಕಾನೂನಿನ ಗೆರೆ 16ರಲ್ಲಿತ್ತು. ಇವತ್ತಾಗಿದ್ದರೆ ಆ ಹುಡುಗ ಮಂಡಳಿಯ ಮುಂದೆ ನಿಲ್ಲಬೇಕಾಗಬಹುದಿತ್ತು, ಮೀರಾಳ ದನಿ ಕಡತದಲ್ಲಿ 'ಸಂತ್ರಸ್ತೆ' ಎಂಬ ಒಂದು ಪದವಾಗಬಹುದಿತ್ತು. ಚಿತ್ರ ಅವಳನ್ನು ದೇವತೆಯನ್ನೂ ಮಾಡುವುದಿಲ್ಲ, ಬಲಿಯನ್ನೂ ಮಾಡುವುದಿಲ್ಲ. ದಾಕ್ಷಾಯಣಿಗೆ ಸಿಗದ ಕೋಣೆ ಮೀರಾಳಿಗೆ ಸಿಕ್ಕಿದೆ.

ಬಾಲನ್ಯಾಯ ಕಾಯ್ದೆಯ ಮೂಲತತ್ವಗಳ ಪಟ್ಟಿಯಲ್ಲಿ ಒಂದು, ಮಗುವಿಗೆ ತನ್ನ ಮೇಲೆ ಪರಿಣಾಮ ಬೀರುವ ಎಲ್ಲ ತೀರ್ಮಾನಗಳಲ್ಲಿ ಮಾತಾಡುವ ಹಕ್ಕಿದೆ, ಅದರ ಮಾತನ್ನು ವಯಸ್ಸು ಮತ್ತು ಪ್ರಬುದ್ಧತೆಗೆ ತಕ್ಕಂತೆ ಪರಿಗಣಿಸಬೇಕು ಎಂಬುದು. ಬರೆದಿಟ್ಟದ್ದು ಚೆನ್ನಾಗಿದೆ. ನಡೆಸುವುದು ಕಷ್ಟ, ಏಕೆಂದರೆ ಆ ವಯಸ್ಸಿನವರು ಹೇಗೆ ಮಾತಾಡುತ್ತಾರೆ, ಯಾವಾಗ ಸುಮ್ಮನಾಗುತ್ತಾರೆ, ಹಟದ ಹಿಂದೆ ಏನಿದೆ, 'ಏನಿಲ್ಲ ಬಿಡಿ' ಎಂಬ ಮಾತಿನೊಳಗೆ ಏನೇನಿದೆ ಎಂದು ಕಾಯ್ದೆಯ ಕಲಮುಗಳಿಂದ ಕಲಿಯಲಾಗುವುದಿಲ್ಲ. ಅದನ್ನು ಕಲಿಸಬೇಕಾದದ್ದು ಕತೆ, ಕಾದಂಬರಿ. ಮುಂದಿನ ಸಲ ನಮ್ಮ ಹಳೆಯ ಕಾದಂಬರಿಯೊಂದನ್ನು ತೆರೆದಾಗ, ಪಾತ್ರದ ಜಾತಿ ಯಾವುದು, ಕಾಲ ಯಾವುದು ಎಂದು ಕೇಳುವ ಜೊತೆಗೆ ಇವಳಿಗೆ ಎಷ್ಟು ವಯಸ್ಸು, ಇವಳನ್ನು ಯಾರಾದರೂ ಕೇಳಿದರೇ ಎಂದೂ ಕೇಳೋಣ. ಗುರುವ ಇನ್ನೂ ಘಟ್ಟದ ಮೇಲೇ ಇದ್ದಾನೆ. ಅವನ ಕತೆಯನ್ನು ಯಾರೂ ಬರೆದಿಲ್ಲ.